ಪ್ರತಿಸ್ಪರ್ಧಿಯ ಕನ್ನಡ

ದೆಹಲಿ ಹತ್ತಿರದ ಮಾನೇಸರಿನ ಕಾರ್ಖಾನೆಯೊಂದಕ್ಕೆ ನಮ್ಮ ಕಂಪನಿಯ ಪವರ್ ಸಪ್ಲೈ ಮಾರಲು ಹೋಗಿ, ರಿಸೆಪ್ಷನ್‌ನಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನಮ್ಮ ಕಂಪನಿಯ ಹೆಸರೆತ್ತಿ ಫೋನಿನಲ್ಲಿ ಕನ್ನಡದಲ್ಲೇ ಹೇಳುತ್ತಿದ್ದರು: “ಸರ್, ಅವರ ಪೀಸ್ ನಮ್ಮದರಷ್ಟು ಬಿಸಿಯಾಗಲ್ಲ. ಅದಕ್ಕೇ ಬಿಸಿಯ ಮಾತೇ ಎತ್ತಲ್ಲ, ಕೆಟ್ಟರೆ ಅವತ್ತೇ ಬದಲಾಯಿಸಿಕೊಡ್ತೀವಿ ಅಂತೀನಿ. ಇನ್ನು ರೇಟು...”

ಸುಮ್ಮನಿದ್ದಿದ್ದರೆ ರೇಟೂ ಕಿವಿಗೆ ಬೀಳುತ್ತಿತ್ತು. ಮನಸ್ಸು ಒಪ್ಪಲಿಲ್ಲ.

“ಮೇಡಂ, ನನಗೆ ಕನ್ನಡ ಬರುತ್ತೆ. ನಾನು ಆ ಕಂಪನಿಯವನೇ.”

ಅವರು ಗಾಬರಿಯಿಂದ ಫೋನ್ ಇಟ್ಟರು. ಆಮೇಲೆ ನಕ್ಕು, “ಯಾವೂರು ನಿಮ್ಮದು?” ಅಂದರು. ಒಳಗಿನಿಂದ ಕರೆ ಬರುವವರೆಗೂ ಹರಟಿದೆವು.

ಆರ್ಡರ್ ಅವರಿಗೇ ಹೋಯಿತು.

“ಕನ್ನಡ ಬರುತ್ತೆ ಅಂತ ಯಾಕೆ ಹೇಳಿದಿರಿ?” ಎಂದು ನಮ್ಮ ಪಂಜಾಬಿ ಬಾಸ್ ಇವತ್ತಿಗೂ ಕೇಳುತ್ತಾರೆ. ದೆಹಲಿಯ ಕಡೆ ಕನ್ನಡ ಕೇಳಿಸಿದರೆ ಬಾಯಿ ಸುಮ್ಮನಿರುವುದಿಲ್ಲ ಅನ್ನುವುದನ್ನು ಅವರಿಗೆ ಹಿಂದಿಯಲ್ಲಿ ಹೇಗೆ ಹೇಳಬೇಕೋ, ನನಗೆ ಇನ್ನೂ ಗೊತ್ತಾಗಿಲ್ಲ.