ದುಭಾಷಿ ಮಾಲಿಸ್ ಮತ್ತು ಕೆಂಪು ಪಂಪುಗಳು

ಮೆಕಾಂಗ್ ನದಿಯ ದಂಡೆಯ ಪ್ರೆಕ್ ತಾನೂ ಎಂಬ ಊರಿನಲ್ಲಿ ಇಂಗ್ಲಿಷ್ ಬಲ್ಲವಳೆಂದರೆ ಮಾಲಿಸ್ ಒಬ್ಬಳೇ. ಅಪ್ಪ ಅಮ್ಮ ಇಬ್ಬರೂ ಸರ್ಕಾರವೇ ಜನರನ್ನು ಕೊಂದ ಕೊಲೆಗಾಲದ ವರ್ಷಗಳಲ್ಲಿ ಹೋದಮೇಲೆ ಚಿಕ್ಕಮ್ಮ ಯಾನ್ ಅವಳನ್ನು ಗಡಿ ದಾಟಿಸಿ ನಿರಾಶ್ರಿತರ ಶಿಬಿರ ಸೇರಿಸಿದ್ದಳು. ಅಲ್ಲಿ ಅಕ್ಕಿಯ ಸಾಲಿನಲ್ಲಿ ನಿಂತು ನಿಂತೇ ಹುಡುಗಿ ಬಿಳಿಯರ ಮಾತು ಕಲಿತಳು. ಶಿಬಿರ ಮುಚ್ಚಿತು, ಇಬ್ಬರೂ ಊರಿಗೆ ಮರಳಿದರು. ಬೆನ್ನಿಗೇ ನೀರಿನ ಕೆಲಸ ಮಾಡುವ ವಿದೇಶಿ ಸಂಸ್ಥೆಯೊಂದು ಬಂತು. ಅದರ ಹೆನ್ರಿಕ್ ಎಂಬ ಉದ್ದನೆಯ ಮನುಷ್ಯ ಇವಳನ್ನು ದುಭಾಷಿಯಾಗಿ ಸೇರಿಸಿಕೊಂಡ.

ಊರವರು ಕುಡಿಯುತ್ತಿದ್ದುದು ಕೆರೆಯ ನೀರು. ಪ್ರತಿ ಮಳೆಗಾಲವೂ ವಾಂತಿಭೇದಿಗೆ ಒಂದೆರಡು ಕೂಸುಗಳು ಹೋಗುತ್ತಿದ್ದವು. ಕೊಳವೆಬಾವಿ ಕೊರೆದು ಕೈಪಂಪು ಹಾಕಿಕೊಡುತ್ತೇವೆ ಎಂದ ಹೆನ್ರಿಕ್. ಜನರನ್ನು ಒಪ್ಪಿಸುವ ಕೆಲಸ ಮಾಲಿಸ್‌ಳದಾಯಿತು. ಅವಳ ಹೆಚ್ಚುಗಾರಿಕೆಯೆಂದರೆ ಎರಡೂ ಕಡೆಯ ಮಾತಿನ ಮುಳ್ಳು ಮುರಿದು ದಾಟಿಸುವುದು. ಹೆನ್ರಿಕ್ "ಇವರು ಸೋಮಾರಿಗಳು" ಎಂದರೆ ಇವಳ ಬಾಯಲ್ಲಿ ಅದು "ನಿಮಗೆ ಗದ್ದೆ ಕೆಲಸ ಹೆಚ್ಚು ಅಂತ ಅವರಿಗೆ ಗೊತ್ತು" ಎಂದಾಗುತ್ತಿತ್ತು. ಊರವರು ಅವನ ಮೂಗಿನ ಉದ್ದ ಆಡಿಕೊಂಡರೆ, "ನಿಮ್ಮ ಆರೋಗ್ಯ ವಿಚಾರಿಸುತ್ತಿದ್ದಾರೆ" ಎನ್ನುತ್ತಿದ್ದಳು.

ಪಂಪುಗಳು ಬಂದವು. ಆ ನೀರು ಕುಡಿಯಲು ಎಲ್ಲರಿಗಿಂತ ಹೆಚ್ಚು ಹಿಂಜರಿದವಳು ಅವಳ ಚಿಕ್ಕಮ್ಮನೇ.

"ಆ ನೀರು ತುಕ್ಕು ವಾಸ್ನೆ ಹೊಡಿಯುತ್ತೆ ಕಣೇ. ಟೀ ಕಾಸಿದ್ರೆ ಮಸಿ ಥರ ಕಪ್ಪಾಗುತ್ತೆ."

"ಕಪ್ಪಾದ್ರೇನು ಚಿಕ್ಕಮ್ಮ, ಹುಳ ಇಲ್ವಲ್ಲ. ನೀನೇ ಕುಡೀದಿದ್ರೆ ಊರೋರು ಕುಡೀತಾರಾ? ನನ್ನ ಮುಖ ನೋಡಿಯಾದ್ರೂ ಒಂದು ಲೋಟ ಕುಡಿ."

ಯಾನ್ ಎಲ್ಲರೆದುರಿಗೆ ಕುಡಿದಳು. ಅಂದಿನಿಂದ ಊರೂ ಕುಡಿಯಿತು. ಆ ಮಳೆಗಾಲ ಕೂಸುಗಳು ಸಾಯಲಿಲ್ಲ ಎಂಬುದೂ ನಿಜ. ಹಳೆಯ ಕೆರೆ ಇನ್ನೇಕೆಂದು ಅದನ್ನು ಮುಚ್ಚಿ, ಅದರ ಮೇಲೆ ಸಭಾಂಗಣ ಕಟ್ಟಿ, ಸಂಸ್ಥೆಯ ಫಲಕ ಹಾಕಿದರು. ಹೆನ್ರಿಕ್ ಬೀಳ್ಕೊಡುಗೆಯ ದಿನ ಬಿಕ್ಕಿ ಬಿಕ್ಕಿ ಅತ್ತು, ಬೇರೆ ಯಾವುದೋ ದೇಶದ ಬಡವರ ಕಡೆಗೆ ಹೊರಟುಹೋದ.

ವರ್ಷಗಳು ಉರುಳಿದವು. ಯಾನ್‌ಳ ಎದೆಯ ಮೇಲೆ ಮಳೆಹನಿ ಸಿಡಿದಂಥ ಕಪ್ಪು ಚುಕ್ಕೆಗಳೆದ್ದವು. ಆಮೇಲೆ ಅಂಗೈ ಅಂಗಾಲುಗಳಲ್ಲಿ ಜೋಳದ ಕಾಳಿನಂತೆ ಗಟ್ಟಿ ಗಂಟುಗಳು. ಕುಷ್ಠವಿರಬೇಕೆಂದು ಮದುವೆಮನೆಗಳಲ್ಲಿ ಅವಳನ್ನು ಅಡುಗೆಗೆ ಸೇರಿಸುವುದು ನಿಂತಿತು. ಮಾಲಿಸ್ ಅವಳನ್ನು ರಾಜಧಾನಿ ನೊಮ್ ಪೆನ್‌ಗೆ ಕರೆದೊಯ್ದಳು. ವೈದ್ಯ ಕೈ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ನೀರು ಕುಡೀತೀರಮ್ಮ?"

ನೆಲದಾಳದ ಮಣ್ಣಿನಲ್ಲೇ ಪಾಷಾಣ, ಅಂದರೆ ಆರ್ಸೆನಿಕ್ ವಿಷ, ಇತ್ತು. ಅದು ನೀರಿಗೆ ಇಳಿದಿತ್ತು. ತುಕ್ಕಿನ ವಾಸನೆ ಕಬ್ಬಿಣದ್ದು; ಪಾಷಾಣಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗುವಂಥದ್ದಲ್ಲ.

ಮಾಲಿಸ್ ತಾನು ಇನ್ನೂ ಕೆಲಸದಲ್ಲಿದ್ದ ಸಂಸ್ಥೆಯ ಕಚೇರಿಗೆ ಓಡಿದಳು. ಅಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. "ನಮಗೂ ಅನುಮಾನವಿದೆ. ಪರೀಕ್ಷೆ ಮುಗಿಯಲಿ. ಅಲ್ಲಿಯವರೆಗೆ ಜನರನ್ನು ಹೆದರಿಸಬೇಡ" ಎಂದರು. ಕೆಲಸ ಹೋದರೆ ಚಿಕ್ಕಮ್ಮನ ಔಷಧಿಗೆ ಗತಿಯಿಲ್ಲ. ಮಾಲಿಸ್ ಬಾಯಿ ಮುಚ್ಚಿಕೊಂಡಳು. ಚಿಕ್ಕಮ್ಮನಿಗೆ ಮಾತ್ರ ನದಿಯಿಂದ ನೀರು ತಂದು ಕಾಸಿಕೊಡತೊಡಗಿದಳು.

"ನಂಗೊಬ್ಳಿಗೇನಾ?" ಎಂದಳು ಯಾನ್. "ಪಕ್ಕದ ಮನೆ ಮಕ್ಕಳು ಅದನ್ನೇ ಕುಡೀತಿದಾವಲ್ಲೇ?"

"ಸ್ವಲ್ಪ ದಿನ ತಡಿ ಚಿಕ್ಕಮ್ಮ. ಸಂಸ್ಥೆಯೋರೇ ಬಂದು ಹೇಳ್ತಾರೆ."

ಯಾನ್ ಲೋಟವನ್ನು ನೆಲಕ್ಕಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ಅವರು ಬಂದದ್ದು ಬೇಸಿಗೆ ಪೂರ್ತಿ ಕಳೆದ ಮೇಲೆ. ಹುಡುಗರು ಡಬ್ಬಿ ಹಿಡಿದು ಬಂದು ಪಂಪುಗಳಿಗೆಲ್ಲ ಕೆಂಪು ಬಣ್ಣ ಬಳಿದರು. ಮರುದಿನ ಸಂಸ್ಥೆಯ ಹೊಸ ಮುಖ್ಯಸ್ಥೆ ಲೋರ್ನಾ ಸಭಾಂಗಣದಲ್ಲಿ ಊರವರನ್ನು ಸೇರಿಸಿದಳು. ಕೆಂಪು ಪಂಪಿನ ನೀರು ಕುಡಿಯಬಾರದು, ಬಟ್ಟೆ ಒಗೆಯಬಹುದು ಎಂದಳು. ಮಾಲಿಸ್ ಅದನ್ನು ಊರಿನ ಖ್ಮೇರ್ ಭಾಷೆಗೆ ತಿರುಗಿಸಿದಳು.

ಊರಿನ ಹಿರಿಯ ಕೋಂಗ್ ಎದ್ದು ನಿಂತ. ಅವನ ಅಂಗೈಯಲ್ಲೂ ಗಂಟುಗಳಿದ್ದವು.

"ಅಲ್ಲಮ್ಮ, ಹಸು ಕೂಡ ಹುಲ್ಲಿಗೆ ಬಾಯಿ ಹಾಕೋ ಮುಂಚೆ ಮೂಸಿ ನೋಡುತ್ತೆ. ನೀವು ಇಷ್ಟು ಓದಿದೋರು, ನಮಗೆ ಕುಡಿಸೋ ಮುಂಚೆ ನೀರು ನೋಡ್ಲಿಲ್ವಾ?"

ಮಾಲಿಸ್ ಈ ಸಲ ಮುಳ್ಳು ಮುರಿಯಲಿಲ್ಲ, ಇದ್ದಂತೆಯೇ ಹೇಳಿದಳು. ಲೋರ್ನಾ ಅವಳ ಮುಖ ನೋಡದೆ ಉತ್ತರಿಸಿದಳು:

"ಆಗ ಇಂಥ ಪರೀಕ್ಷೆ ಮಾಡುವ ರೂಢಿ ಇರಲಿಲ್ಲ. ಜನರಿಗೆ ತಿಳಿಹೇಳುವ ಕೆಲಸವನ್ನು ಇಲ್ಲಿನ ಸಿಬ್ಬಂದಿ ನೋಡಿಕೊಂಡರು. ನೀರು ಒಳ್ಳೆಯದೆಂದು ಅವರು ಏನೇನು ಹೇಳಿದರೋ ನಮಗೆ ತಿಳಿಯದು."

ಇಲ್ಲಿನ ಸಿಬ್ಬಂದಿ ಎಂದರೆ ಇಡೀ ಊರಿಗೆ ಒಬ್ಬಳೇ. ಆ ಮಾತನ್ನು ನುಂಗಿ ಬೇರೇನಾದರೂ ಹೇಳಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬದುಕಿಡೀ ಮಾಡಿದ್ದು ಅದನ್ನೇ. ಆದರೆ ಪಕ್ಕದ ಮನೆಯ ಮಕ್ಕಳು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಮಾಲಿಸ್ ಒಂದು ಪದವನ್ನೂ ಬಿಡದೆ ಹೇಳಿ ಮುಗಿಸಿದಳು.

ಸಭೆಯಲ್ಲಿ ಬೀಸಣಿಗೆಗಳು ನಿಂತವು.

"ಅಂದ್ರೆ ನೀನೇನಾ ಮಗಾ?" ಎಂದ ಕೋಂಗ್.

"ಅವರು ಹಾಗಂತಿದಾರೆ, ತಾತ."

"ಅವರ ಮಾತು ಬಿಡು. ನೀನೇನಂತೀಯ?"

"ಕುಡೀರಿ ಅಂದಿದ್ದು ನಾನೇ. ಗೊತ್ತಾದ್ಮೇಲೂ ಬೇಸಿಗೆಯೆಲ್ಲ ಸುಮ್ಮನಿದ್ದೋಳೂ ನಾನೇ."

ಕೋಂಗ್ ಅವಳ ಕಾಲ ಬಳಿ ಉಗಿದು ಹೊರಗೆ ನಡೆದ.

"ಏನಂದರು ಅವರು?" ಎಂದು ಲೋರ್ನಾ ಗಾಬರಿಯಿಂದ ಕೇಳಿದಳು.

"ಏನೂ ಇಲ್ಲ. ನೀವು ಬಂದಿದ್ದಕ್ಕೆ ಉಪಕಾರವಾಯಿತು ಅಂದರು."

ಲೋರ್ನಾ ಎದ್ದು ಎಲ್ಲರಿಗೂ ಕೈಮುಗಿದಳು.

ಮರುವಾರ ಮಾಲಿಸ್ ಕೆಲಸ ಬಿಟ್ಟಳು. ಯಾರೂ ಬೇಡವೆನ್ನಲಿಲ್ಲ. ಯಾನ್‌ಳ ಅಂಗಾಲಿನ ಗಂಟು ಹುಣ್ಣಾಗಿ ಮಾಯಲೇ ಇಲ್ಲ. ಮುಂದಿನ ಹೊಸ ವರ್ಷದ ಹಬ್ಬಕ್ಕೆ ಮುಂಚೆಯೇ ಅವಳು ತೀರಿಹೋದಳು. ಬೂದಿಯನ್ನು ಪಗೋಡಕ್ಕೆ ಒಯ್ಯುವಾಗ ಮಾಲಿಸ್ ಜೊತೆಗಿದ್ದವರು ಭಿಕ್ಕುಗಳು ಮಾತ್ರ.

ಈಗ ಅವಳು ತಳ್ಳುಗಾಡಿಯಲ್ಲಿ ನದಿಯ ನೀರು ತಂದು, ದಂಡೆಯಿಂದ ದೂರದ ಮನೆಗಳ ಮುಂದೆ ಕೊಡ ಇಟ್ಟು ಬರುತ್ತಾಳೆ. ಕೆಲವರು ತೆಗೆದುಕೊಳ್ಳುತ್ತಾರೆ. ಕೆಲವರು ಅವಳು ನೋಡುತ್ತಿದ್ದಂತೆಯೇ ಹಂದಿಯ ಬಾನಿಗೆ ಸುರಿಯುತ್ತಾರೆ. ಪಂಪುಗಳ ಬಣ್ಣ ಎರಡೇ ಮಳೆಗೆ ಎದ್ದುಹೋಯಿತು.

ಒಂದು ಬೆಳಿಗ್ಗೆ ಕೋಂಗ್‌ನ ಸೊಸೆ ಪಂಪು ಜಗ್ಗುತ್ತಿದ್ದುದನ್ನು ಕಂಡು ಮಾಲಿಸ್ ಗಾಡಿ ನಿಲ್ಲಿಸಿದಳು.

"ಅದು ಬೇಡ ಕಣಮ್ಮ. ನಾನು ತಂದಿದೀನಿ, ತಗೋ."

ಸೊಸೆ ಕೈ ನಿಲ್ಲಿಸಲಿಲ್ಲ. "ಕುಡಿ ಅಂದೋಳೂ ನೀನೇ, ಬೇಡ ಅನ್ನೋಳೂ ನೀನೇ. ಯಾವುದನ್ನ ನಂಬಲಿ ಅಕ್ಕ?" ಎಂದು, ಬಿಂದಿಗೆ ತುಂಬಿಸಿ ಸೊಂಟಕ್ಕೇರಿಸಿಕೊಂಡು ಹೋದಳು.