ತಕ್ಕಡಿ ಕೇಳಲು ಬಂದ ಮೆಕ್ಯಾನಿಕರು

ಎಂಬತ್ತರ ದಶಕದ ಆರಂಭದಲ್ಲಿ ಬಹರೈನಿನ ಮನಾಮಾದಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿ ಉಡುಪಿ ಕಡೆಯ ಮೆಕ್ಯಾನಿಕರೊಬ್ಬರಿದ್ದರು. ಏನಾದರೂ ಬೇಕಾದರೆ ಬಾಗಿಲಲ್ಲಿ ನಿಂತು, ಗ್ರೀಸ್ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಒಂದು ಸಣ್ಣ ಉಪಕಾರ ಉಂಟು ಅಕ್ಕಾ" ಎನ್ನುತ್ತಿದ್ದರು. ಒಮ್ಮೆ ನನ್ನ ಅಡುಗೆಮನೆಯ ತಕ್ಕಡಿ ಕೇಳಿದರು. ಗುಜರಿಯಿಂದ ಬಿಡಿಬಿಡಿಯಾಗಿ ತಂದ ಅಮೆರಿಕನ್ ಕಾರಿನ ದೈತ್ಯ ಎಂಜಿನ್ನನ್ನು ತಮ್ಮ ಹಳೆಯ ಕಾರಿಗೆ ಜೋಡಿಸುತ್ತಿದ್ದರು. ಎಂಜಿನ್ ಸಮನಾಗಿ ಓಡಲೆಂದು ಅದರ ಎಂಟು ಪಿಸ್ಟನ್‌ಗಳೂ ಒಂದೇ ತೂಕ ಬರುವವರೆಗೆ ತೂಗಿ, ಅರದಿಂದ ಉಜ್ಜಿ, ಮತ್ತೆ ತೂಗಿದರು.

"ಇದನ್ನೆಲ್ಲ ವರ್ಕ್‌ಶಾಪಿಗೆ ಕೊಟ್ಟರೆ ನಾನು ಊರಿಗೆ ಹೋಗುವ ಟಿಕೆಟಿನ ದುಡ್ಡೇ ಹೋಗ್ತದೆ ಅಕ್ಕಾ!"

ಆ ತಕ್ಕಡಿಯಲ್ಲಿ ನಾನು ಮತ್ತೆ ಸಕ್ಕರೆ ತೂಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಜಿನ್ ಚಾಲೂ ಆದಾಗ ಕಿಟಕಿ ಗಾಜುಗಳು ನಡುಗಿದವು. ಕಟ್ಟಡದ ಅರಬ್ ಮಾಲೀಕರು ಧಾವಿಸಿ ಬಂದು, "ಬಂದ್ ಕರೋ! ಕಲ್ ಕಮ್ರಾ ಖಾಲಿ!" ಎಂದು ಹರಕು ಹಿಂದಿಯಲ್ಲಿ ಕಿರುಚಿದರು; ನಾಳೆಯೇ ಕೋಣೆ ಖಾಲಿ ಮಾಡಬೇಕಂತೆ. ಮೆಕ್ಯಾನಿಕರು ವಿನಯದಿಂದ ಕಾರಿನ ಬಾಗಿಲು ತೆರೆದು, "ಏಕ್ ರೌಂಡ್, ಅರ್ಬಾಬ್?" ಎಂದರು; ಅಲ್ಲಿ ಧಣಿಗಳನ್ನು ಕರೆಯುವುದೇ ಹಾಗೆ. ಮಾಲೀಕರು ಕಾರಿನ ಸುತ್ತ ಒಮ್ಮೆ ನಡೆದು, ಹತ್ತಿಯೇ ಬಿಟ್ಟರು.

ಬಹಳ ಹೊತ್ತಿನ ಮೇಲೆ ಕಾರು ಸದ್ದಿಲ್ಲದೆ ಬಂತು. ಆ ಎಂಜಿನ್ ಇದ್ದ ಪೆಟ್ರೋಲನ್ನೆಲ್ಲ ಕುಡಿದು ಮುಗಿಸಿತ್ತು. ಮಾಲೀಕರು ಬಿಳಿ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ನಗುತ್ತಾ ಹಿಂದಿನಿಂದ ದೂಡುತ್ತಿದ್ದರು. ಸ್ಟಿಯರಿಂಗ್ ಹಿಡಿದು ಕೂತ ನಮ್ಮ ಮೆಕ್ಯಾನಿಕರು ಕಿಟಕಿಯಿಂದ ತಲೆ ಹೊರಹಾಕಿ ಹುರಿದುಂಬಿಸುತ್ತಿದ್ದರು: "ಔರ್ ಥೋಡಾ ಜೋರ್ ಸೇ, ಅರ್ಬಾಬ್!"