ಮೂರನೇ ಪ್ರಯೋಗದ ಸಂಖ್ಯೆ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಕ್ಕನಿಗೆ ಇದ್ದದ್ದು ಒಂದೇ ಆಸೆ. ದೊಡ್ಡ ಮೇಷ್ಟ್ರ ಜಂಭವನ್ನು ನಾಲ್ಕು ಜನರ ಮುಂದೆ ಇಳಿಸಬೇಕು. ಹತ್ತೊಂಬತ್ತು ವರ್ಷ ಅವಳು ಆ ಹಗೆಯನ್ನು ಕೂಸಿನ ಹಾಗೆ ಸಾಕಿಕೊಂಡು ಬಂದಿದ್ದಳು.

ಕಾರಣ ಕೇಳಿದರೆ ನಗು ಬರಬಹುದು. ಅವಳಾಗ ಎರಡನೇ ವರ್ಷದ ವಿದ್ಯಾರ್ಥಿನಿ. ಆಪರೇಟಿಂಗ್ ಸಿಸ್ಟಮ್ ಲ್ಯಾಬಿನ ಮೂರನೇ ಪ್ರಯೋಗದಲ್ಲಿ ಒಂದು ಪ್ರೋಗ್ರಾಮ್ ಓಡಿಸಿ, ಕಂಪ್ಯೂಟರು ಅದಕ್ಕೆ ಕೊಡುವ ಗುರುತಿನ ಸಂಖ್ಯೆಯನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕಿತ್ತು. ಮೇಷ್ಟ್ರು ಅಚ್ಚು ಹಾಕಿಸಿದ್ದ ಲ್ಯಾಬ್ ಕೈಪಿಡಿಯಲ್ಲಿ 2347 ಎಂದಿತ್ತು. ಎಲ್ಲರೂ ಕಣ್ಣುಮುಚ್ಚಿಕೊಂಡು ಅದನ್ನೇ ಇಳಿಸಿದರು. ಇವಳು ಮಾತ್ರ ತನ್ನ ಪರದೆಯ ಮೇಲೆ ಬಂದ 2391 ಬರೆದಳು.

“ಕಣ್ಣು ಕಾಣಲ್ವೇನಮ್ಮಾ? ಮನೇಲಿ ಪಾತ್ರೆ ತೊಳ್ಕೊಂಡಿರು ಹೋಗು,” ಎಂದು ಮೇಷ್ಟ್ರು ಪುಟದ ಉದ್ದಕ್ಕೂ ಗೀಟು ಎಳೆದರು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಲ್ಯಾಬಿನಲ್ಲಿ ಫೇಲಾದಳು, ಓದು ಅಲ್ಲಿಗೇ ನಿಂತಿತು. ಕೆಲವು ವರ್ಷಗಳ ಮೇಲೆ ಅದೇ ಲ್ಯಾಬಿಗೆ ಸಹಾಯಕಿಯಾಗಿ ಬಂದಳು. ಬೀಗ ತೆಗೆಯುವುದು, ಕೆಟ್ಟ ಮೌಸ್ ಬದಲಿಸುವುದು, ಮತ್ತು ಹಣೆಬರಹ ನೋಡಿ, ಮಕ್ಕಳ ರೆಕಾರ್ಡಿನಲ್ಲಿ 2347 ಇದೆಯೇ ಎಂದು ನೋಡಿ ಟಿಕ್ ಹಾಕುವುದು!

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು: “ಸರ್, ಎಲ್ರಿಗೂ ಒಂದೇ ನಂಬರ್ ಹೇಗೆ ಬರತ್ತೆ?”

“ಅದೆಲ್ಲ ಸಿಸ್ಟಮ್ ಒಳಗಿನ ವಿಷ್ಯ. ನಿನ್ನ ತಲೆಗೆ ಹತ್ತಲ್ಲ.”

ಹತ್ತುತ್ತದೋ ಇಲ್ಲವೋ ನೋಡಿಯೇಬಿಡೋಣ ಎಂದು ಅವಳು ಹಠ ಹಿಡಿದಳು. ಮೇಷ್ಟ್ರು ಮೆರೆಸುತ್ತಿದ್ದ ದೊಡ್ಡ ಆಪರೇಟಿಂಗ್ ಸಿಸ್ಟಮ್ಮಿನ ಕೋಡನ್ನೇ ತೆರೆದಳು. ಲಕ್ಷಗಟ್ಟಲೆ ಸಾಲುಗಳು, ತಲೆ ಯಾವುದು ಬುಡ ಯಾವುದು ತಿಳಿಯಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸುಸ್ತಾದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಊಟಕ್ಕೆ ಕೂತವನು ಅವಳ ಮುಖ ನೋಡಿ ನಕ್ಕ.

“ಅಲ್ವೇ, ಇಂಜಿನ್ ಕಲಿಯೋಕೆ ಯಾರಾದ್ರೂ ಮೊದಲು ಲಾರಿ ಬಿಚ್ತಾರಾ? ಸಣ್ಣದೊಂದು ಮೊಪೆಡ್ ಹುಡುಕು.”

ಹುಡುಕಿದಳು. ಕಲಿಸುವುದಕ್ಕೆಂದೇ ಬರೆದ ಪುಟ್ಟ ಸಿಸ್ಟಮ್‌ಗಳಿದ್ದವು. ಒಂದು, ಓಬೀರಾಯನ ಕಾಲದ ಯಂತ್ರದಲ್ಲಿ ಮಾತ್ರ ಓಡುತ್ತಿತ್ತು. ಇನ್ನೊಂದು ತೀರಾ ಬಡಪಾಯಿ, ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್. ಮೂರನೆಯದು ಹಿಡಿಸಿತು. ಕೆಲವೇ ಸಾವಿರ ಸಾಲು, ಮಾಮೂಲಿ ಕಂಪ್ಯೂಟರಿನ ಪರದೆಯ ಒಂದು ವಿಂಡೋ ಒಳಗೇ ಓಡುತ್ತಿತ್ತು, ಕೆಡಿಸಿದರೆ ಮತ್ತೆ ಶುರು ಮಾಡಿದರಾಯಿತು. ಅದನ್ನು ಮುದ್ರಿಸಿ, ಬೈಂಡ್ ಮಾಡಿಸಿ, ಬೆಳಗಿನ ಅಡುಗೆಯ ನಡುವೆ ಓದತೊಡಗಿದಳು. ಕಡೆಗೆ ಬೇಕಾದ ಜಾಗ ಸಿಕ್ಕಿತು. ಎರಡೇ ಸಾಲು: ಈಗಿರುವ ಸಂಖ್ಯೆಯನ್ನು ಕೊಡು, ಮುಂದಿನವರಿಗಾಗಿ ಒಂದು ಕೂಡಿಸಿಡು. ಅಂದರೆ ಪ್ರತಿ ಸಲವೂ ಹೊಸ ಸಂಖ್ಯೆ. ದೊಡ್ಡ ಸಿಸ್ಟಮ್ಮಿನಲ್ಲೂ ಲೆಕ್ಕ ಇದೇ. ಎಲ್ಲರಿಗೂ 2347 ಬರಲು ಸಾಧ್ಯವೇ ಇರಲಿಲ್ಲ. ಸೌಟು ಹಿಡಿದುಕೊಂಡೇ ಅತ್ತಳು, ದುಃಖಕ್ಕಲ್ಲ, ಸಿಟ್ಟಿಗೆ.

ಮುಂದಿನ ವರ್ಷ ಲ್ಯಾಬಿಗೆ ಯಾವ ಸಿಸ್ಟಮ್ ಎಂದು ತೀರ್ಮಾನಿಸುವ ಸಭೆಗೆ ಹೊರಗಿನಿಂದ ಪರೀಕ್ಷಕಿಯೊಬ್ಬರು ಬಂದರು. ಅಕ್ಕ ತನ್ನ ಪುಟ್ಟ ಸಿಸ್ಟಮ್ಮಿನ ಹೆಸರು ಹೇಳಿದ್ದೇ ತಡ, ಮೇಷ್ಟ್ರು “ಅದು ಆಟಿಕೆ!” ಎಂದು ಕೈ ಝಾಡಿಸಿದರು.

“ಆಗ್ಲಿ ಸರ್. ನಿಮ್ಮ ಮೂರನೇ ಪ್ರಯೋಗ ಒಂದ್ಸಲ ಓಡಿಸಿ ತೋರಿಸ್ತೀರಾ?” ಎಂದಳು ಅಕ್ಕ.

ಓಡಿಸಿದರು. 5118 ಬಂತು. “ಇನ್ನೊಂದ್ಸಲ, ಸರ್.” 5119. ಅಕ್ಕ ಹನ್ನೊಂದು ವರ್ಷದ ರೆಕಾರ್ಡ್ ಪುಸ್ತಕಗಳನ್ನು ಮೇಜಿನ ಮೇಲೆ ಒಟ್ಟಿದಳು. ಪರೀಕ್ಷಕಿ ಒಂದೊಂದೇ ತೆರೆದು ನೋಡಿದರು. 2347, 2347, 2347.

“ಇದು ಹೇಗೆ ಸಾಧ್ಯ, ಸರ್?” ಎಂದು ಪರೀಕ್ಷಕಿ ಕೇಳಿದರು.

ಮೇಷ್ಟ್ರು ಕನ್ನಡಕ ಒರೆಸಿದರು, ಮತ್ತೂ ಒರೆಸಿದರು. ಅಕ್ಕ ತನ್ನ ಎರಡು ಸಾಲು ತೋರಿಸಿದಳು. ಅವಳ ಹೊಟ್ಟೆ ತಣ್ಣಗಾಯಿತು. ಪುಟ್ಟ ಸಿಸ್ಟಮ್ಮೇ ಆಯ್ಕೆಯಾಯಿತು, ಪಾಠ ಹೇಳುವುದು ಅಕ್ಕನ ಪಾಲಿಗೆ ಬಂತು. ಅದನ್ನು ಕಲಿಯದೆ ರೆಕಾರ್ಡಿಗೆ ಸಹಿ ಹಾಕುವಂತಿಲ್ಲ ಎಂದು ಮೇಷ್ಟ್ರಿಗೆ ತಾಕೀತಾಯಿತು.

“ಮಕ್ಕಳ ಜೊತೆ ಕೂತ್ಕೊಳ್ಳಿ ಸರ್. ಹಿಂದಿನ ಬೆಂಚಲ್ಲಿ ಜಾಗ ಇದೆ,” ಎಂದಳು ಅಕ್ಕ.

ಮೊದಲ ಪಾಠದ ದಿನ ಅವರು ಬಂದು ಕೂತರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೈ ಎತ್ತಿದರು. ಅಕ್ಕ ನೋಡಿಯೂ ನೋಡದವಳಂತೆ ಬೋರ್ಡಿನ ಕಡೆ ತಿರುಗಿದಳು. ಎಷ್ಟು ಹಿತವಾಗಿತ್ತು! ಐದು ನಿಮಿಷವಾದರೂ ಕೈ ಮೇಲೆಯೇ ಇತ್ತು. ಮಕ್ಕಳು ಮುಸಿಮುಸಿ ನಗತೊಡಗಿದರು.

ಅವರ ಪಕ್ಕದ ಹುಡುಗಿಯೂ ಕೈ ಎತ್ತಿದ್ದಳು. ಒಮ್ಮೆ ಮೇಷ್ಟ್ರನ್ನು ನೋಡಿದಳು, ಒಮ್ಮೆ ಅಕ್ಕನನ್ನು. ಆಮೇಲೆ ಮೆಲ್ಲಗೆ ಕೈ ಇಳಿಸಿ, ಪಕ್ಕದವಳ ಪುಸ್ತಕದಲ್ಲಿದ್ದದ್ದನ್ನು ನೋಡಿಕೊಂಡು ಬರೆಯತೊಡಗಿದಳು.

ಕಣ್ಣುಮುಚ್ಚಿಕೊಂಡು 2347 ಇಳಿಸುತ್ತಿದ್ದ ತರಗತಿಯೇ ಅಕ್ಕನ ಕಣ್ಣೆದುರು ಬಂತು. ಮೇಷ್ಟ್ರನ್ನು ಅವಳು ಕ್ಷಮಿಸಿರಲಿಲ್ಲ, ಕ್ಷಮಿಸುವವಳೂ ಅಲ್ಲ. ಸೀಮೆಸುಣ್ಣ ಕೆಳಗಿಟ್ಟು, ಹಲ್ಲು ಕಚ್ಚಿಕೊಂಡು ಹೇಳಿದಳು:

“ಏನ್ ಕೇಳ್ಬೇಕೋ ಕೇಳಿ ಸರ್. ಅವರಾದ್ಮೇಲೆ ನೀನು ಕೇಳು, ಪುಟ್ಟಿ.”